ಹೊಸ ವರ್ಷದ ಮನೆಯಲ್ಲಿ ಓದುವ ಮೂಲೆ ಎಲ್ಲಿ?

ವರ್ಷ ಮುಗಿಯುತ್ತ ಬಂದಂತೆ ಮಧ್ಯಮ ವರ್ಗದ ಮನೆಗಳಲ್ಲಿ ಎರಡು ಲೆಕ್ಕಾಚಾರಗಳು ಆರಂಭವಾಗುತ್ತವೆ. ಮಕ್ಕಳ ಪರೀಕ್ಷೆಗೆ ಇನ್ನೆಷ್ಟು ದಿನ ಉಳಿದಿದೆ ಎಂಬುದು ಒಂದು. ಯುಗಾದಿಯ ಹೊತ್ತಿಗಾದರೂ ಸುಣ್ಣ ಬಣ್ಣ ಮಾಡಿಸಿ ಹಜಾರಕ್ಕೆ ಹೊಸ ಕಳೆ ತರಬೇಕೆಂಬುದು ಇನ್ನೊಂದು. ಎರಡೂ ಒಂದೇ ಸೂರಿನಡಿ ನಡೆಯುತ್ತವೆ. ಆದರೆ ಒಂದರ ಸುದ್ದಿ ಇನ್ನೊಂದಕ್ಕೆ ತಲುಪುವುದು ಅಪರೂಪ.

ಒಂದು ಮನೆಯನ್ನು ಕಲ್ಪಿಸಿಕೊಳ್ಳಬಹುದು. ಇಂಥದ್ದು ಯಾವ ಊರಿನ ಯಾವ ಬಡಾವಣೆಯಲ್ಲಿ ಬೇಕಾದರೂ ಸಿಕ್ಕೀತು. ಹದಿನಾರು ಅಡಿ ಉದ್ದ, ಹನ್ನೆರಡು ಅಡಿ ಅಗಲದ ಹಜಾರ. ಎರಡು ಮಲಗುವ ಕೋಣೆ. ಎಸ್ಸೆಸ್ಸೆಲ್ಸಿ ಓದುತ್ತಿರುವ ಮಗಳು, ಆರನೇ ತರಗತಿಯ ಮಗ. ಅಪ್ಪ ಹಜಾರಕ್ಕೆ ಫಾಲ್ಸ್ ಸೀಲಿಂಗ್, ಎಂಟು ಅಡಿಯ ಟಿ.ವಿ. ಯೂನಿಟ್, ಗೋಡೆಗೆ ಹೊಸ ಬಣ್ಣ ಎಂದು ಮೂರು ಲಕ್ಷ ರೂಪಾಯಿಯ ಕೊಟೇಶನ್ ತರಿಸಿದ್ದಾರೆ. ‘ಬಂದವರು ಮೊದಲು ನೋಡೋದು ಹಾಲ್ ತಾನೇ?’ ಎಂಬುದು ಅಮ್ಮನ ಮಾತು. ಮಗಳು ಮಾತ್ರ ಒಳಕೋಣೆಯ ಮಂಚದ ಮೇಲೆ ಚಕ್ಕಳಮಕ್ಕಳ ಹಾಕಿ, ದಿಂಬಿನ ಮೇಲೆ ಪುಸ್ತಕ ಇಟ್ಟುಕೊಂಡು, ತನ್ನ ನೆರಳು ತನ್ನ ಪುಟದ ಮೇಲೆಯೇ ಬೀಳುವಂತೆ ಕುಳಿತು ಓದುತ್ತಿದ್ದಾಳೆ.

ಹೊಸ ವರ್ಷದಲ್ಲಿ ಮನೆಯ ಒಳಾಂಗಣ ಹೇಗಿರಬೇಕು ಎಂಬ ಪ್ರಶ್ನೆಯನ್ನು ಈ ಮಂಚದಿಂದ ಆರಂಭಿಸುವುದು ಒಳ್ಳೆಯದು.

ಬಣ್ಣ ನಿರ್ಧರಿಸುವವರು ಯಾರು?

‘ಈ ವರ್ಷ ಇದೇ ಬಣ್ಣ ನಡೆಯುತ್ತಿದೆ’ ಎಂದು ಅಂಗಡಿಯವರು ಹೇಳುತ್ತಾರೆ. ಅದನ್ನು ನಡೆಸುವವರು ಯಾರು? ಅಮೆರಿಕದ ಪ್ಯಾಂಟೋನ್ ಎಂಬ ಸಂಸ್ಥೆ ಬಣ್ಣಗಳಿಗೆ ಸಂಖ್ಯೆ ಕೊಟ್ಟು, ಮುದ್ರಕರಿಗೂ ಬಟ್ಟೆ ತಯಾರಕರಿಗೂ ಮಾದರಿ ಪಟ್ಟಿ ಮಾರುತ್ತದೆ. 2000ನೇ ಇಸವಿಯಿಂದ ಅದು ಪ್ರತಿವರ್ಷಕ್ಕೂ ಒಂದು ‘ವರ್ಷದ ಬಣ್ಣ’ವನ್ನು ಸಾರುತ್ತ ಬಂದಿದೆ. ಮೊದಲ ಬಣ್ಣ ಸೆರೂಲಿಯನ್, ಅಂದರೆ ಆಕಾಶನೀಲಿ. 2024ಕ್ಕೆ ಪೀಚ್ ಹಣ್ಣಿನ ಬಣ್ಣ, 2025ಕ್ಕೆ ಮೋಕಾ ಮೂಸ್ ಎಂಬ ಕಾಫಿ ಕಂದು, 2026ಕ್ಕೆ ಕ್ಲೌಡ್ ಡ್ಯಾನ್ಸರ್ ಎಂಬ ಮೋಡದ ಬಿಳಿ. ಇಟಲಿಯ ಮಿಲಾನ್ ನಗರದಲ್ಲಿ 1961ರಿಂದ ನಡೆಯುತ್ತಿರುವ ಪೀಠೋಪಕರಣ ಮೇಳವೂ ಹೀಗೆಯೇ ಕುರ್ಚಿ, ಸೋಫಾ, ದೀಪಗಳ ಚಾಳಿಯನ್ನು ಹುಟ್ಟುಹಾಕುತ್ತದೆ. ಅಲ್ಲಿ ಹುಟ್ಟಿದ್ದು ಪತ್ರಿಕೆ, ಜಾಹೀರಾತು, ಸಿನಿಮಾಗಳ ದಾರಿ ಹಿಡಿದು ತಾಲ್ಲೂಕು ಕೇಂದ್ರದ ಹಾರ್ಡ್‌ವೇರ್ ಅಂಗಡಿಗೂ ಬಂದು ತಲುಪುತ್ತದೆ.

ಇದರಲ್ಲಿ ಮೋಸವೇನೂ ಇಲ್ಲ, ಇದು ವ್ಯಾಪಾರ. ಆದರೆ ಈ ಬಣ್ಣಗಳಲ್ಲಿ ಎಷ್ಟು ಹೊಸವು ಎಂದು ಕೇಳಿಕೊಳ್ಳಬಹುದು. ದಸರೆಗೋ ಯುಗಾದಿಗೋ ಗೋಡೆಗೆ ಸುಣ್ಣ ಬಳಿಯುವಾಗ ಚಿಟಿಕೆ ನೀಲಿ ಬೆರೆಸುತ್ತಿದ್ದ ಅಜ್ಜಿಗೆ ಆಕಾಶನೀಲಿಯೂ ಗೊತ್ತಿತ್ತು, ಮೋಡದ ಬಿಳಿಯೂ ಗೊತ್ತಿತ್ತು. ಬೇಕೆಂಬವರಿಗೆ ಕಾಫಿಯ ಬಣ್ಣವನ್ನು ಚಿಕ್ಕಮಗಳೂರಿನಲ್ಲಿ ಯಾರೂ ಹೊರಗಿನಿಂದ ತರಿಸಬೇಕಿಲ್ಲ.

ಬಣ್ಣದ ಆಯ್ಕೆಯಲ್ಲಿ ಫ್ಯಾಷನ್ನಿಗಿಂತ ಮುಖ್ಯವಾದ ಒಂದು ಲೆಕ್ಕವಿದೆ. ಬಿಳಿ ಗೋಡೆ ತನ್ನ ಮೇಲೆ ಬಿದ್ದ ಬೆಳಕಿನ ಸುಮಾರು ಶೇಕಡ 80ರಷ್ಟನ್ನು ಹಿಂದಿರುಗಿಸುತ್ತದೆ. ಗಾಢವಾದ ನೀಲಿ, ಕಂದು, ಹಸಿರುಗಳು ಶೇಕಡ 10ರಿಂದ 20ರಷ್ಟನ್ನು ಮಾತ್ರ ಹಿಂದಿರುಗಿಸುತ್ತವೆ. ಒಂದೇ ಕಿಟಕಿಯ ಚಿಕ್ಕ ಕೋಣೆಗೆ ಗಾಢ ಬಣ್ಣ ಬಳಿದರೆ ಹಗಲಿನಲ್ಲೇ ದೀಪ ಹಾಕಬೇಕಾಗುತ್ತದೆ. ಗಾಢ ಬಣ್ಣದ ಆಸೆ ಇದ್ದವರು ಕಿಟಕಿ ಇರುವ ಗೋಡೆಗೆ ಅದನ್ನು ಬಳಿದು, ಕಿಟಕಿಯ ಎದುರಿನ ಮತ್ತು ಪಕ್ಕದ ಗೋಡೆಗಳನ್ನೂ ಮೇಲ್ಛಾವಣಿಯನ್ನೂ ತಿಳಿಯಾಗಿ ಉಳಿಸಿಕೊಂಡರೆ ಎರಡೂ ಸಾಧಿಸೀತು.

ಕಸದಿಂದ ಎದ್ದು ಬಂದ ಕುರ್ಚಿ

ಈಗಿನ ಚಾಳಿಯ ಇನ್ನೊಂದು ಮುಖ ಮಣ್ಣಿನತ್ತ, ಮರದತ್ತ, ಕೈಕೆಲಸದತ್ತ ಮರಳುವುದು. ಹೊಳೆಯುವ ಟೈಲ್ಸ್ ಹಾಕಿಸಲೆಂದು ಒಡೆಸಿದ ರೆಡ್ ಆಕ್ಸೈಡ್ ನೆಲವನ್ನು ಈಗ ಕೆಲವರು ಹೆಚ್ಚು ಹಣ ಕೊಟ್ಟು ಮತ್ತೆ ಮಾಡಿಸುತ್ತಿದ್ದಾರೆ. ಸಿಮೆಂಟಿಗೆ ಕೆಂಪು ಐರನ್ ಆಕ್ಸೈಡ್ ಪುಡಿ ಬೆರೆಸಿ, ಹಸಿ ಇರುವಾಗಲೇ ಕರಣೆಯಿಂದ ಒತ್ತಿ ತಿಕ್ಕಿ ನುಣುಪು ಮಾಡುವ ಕೆಲಸ ಇದು. ಪುಡಿ ಸಿಮೆಂಟಿನ ಹತ್ತನೇ ಒಂದು ಪಾಲನ್ನು ಮೀರಬಾರದು. ಮೀರಿದರೆ ನೆಲದ ಗಟ್ಟಿತನ ಕುಗ್ಗುತ್ತದೆ. ಆಮೇಲೆ ಹಲವು ದಿನ ನೀರುಣಿಸಬೇಕು. ಅವಸರ ಮಾಡಿದರೆ ಬಿರುಕು ಖಂಡಿತ. ಕೈ ಪಳಗಿದ ಗಾರೆಯವರು ಸಿಗುವುದೇ ಈಗ ಕಷ್ಟ. ಹಾಗಾಗಿ ಮನೆಯಲ್ಲಿ ಹಳೆಯ ಕೆಂಪು ನೆಲ ಇದ್ದವರು ಅದನ್ನು ಒಡೆಸುವ ಮುನ್ನ ಎರಡು ಬಾರಿ ಯೋಚಿಸುವುದು ಲೇಸು.

ಮಂಗಳೂರು ಹೆಂಚಿನ ಕಥೆಯೂ ಇಂಥದ್ದೇ. 1865ರಲ್ಲಿ ಬಾಸೆಲ್ ಮಿಷನ್ನಿನವರು ಮಂಗಳೂರಿನ ಜೆಪ್ಪುವಿನಲ್ಲಿ ಮೊದಲ ಹೆಂಚಿನ ಕಾರ್ಖಾನೆ ತೆರೆದರು. ನೇತ್ರಾವತಿಯ ದಡದ ಜೇಡಿಮಣ್ಣಿನಿಂದ ಮಾಡಿದ ಹೆಂಚು ಸಮುದ್ರ ದಾಟಿ ಹೋಯಿತು. ಆರ್.ಸಿ.ಸಿ. ತಾರಸಿ ಬಂದ ಮೇಲೆ ಬಡತನದ ಗುರುತೆಂಬಂತೆ ಹಿಂದೆ ಸರಿದ ಅದೇ ಹೆಂಚು ಈಗ ರೆಸಾರ್ಟುಗಳ ಒಳಗೋಡೆಗೆ ಅಲಂಕಾರವಾಗಿ ಏರಿದೆ.

ಆದರೆ ಚಾಳಿಯ ಚಂಚಲತೆಗೆ ಚಂಡೀಗಢದ ಕುರ್ಚಿಗಿಂತ ಒಳ್ಳೆಯ ಉದಾಹರಣೆ ಬೇಕಿಲ್ಲ. 1950ರ ದಶಕದಲ್ಲಿ ಆ ನಗರ ಕಟ್ಟುವಾಗ ವಾಸ್ತುಶಿಲ್ಪಿ ಲ ಕಾರ್ಬೂಸಿಯೆ ಅವರ ಜೊತೆಗಿದ್ದ ಅವರ ದಾಯಾದಿ ಪಿಯೆರ್ ಜಾನ್ನರೆ, ಕಚೇರಿ ಮತ್ತು ವಿಶ್ವವಿದ್ಯಾಲಯಗಳಿಗೆಂದು ತೇಗದ ಮರ ಮತ್ತು ಬೆತ್ತದ ಸರಳ ಕುರ್ಚಿಗಳನ್ನು ರೂಪಿಸಿದರು. ಸ್ಥಳೀಯ ಬಡಗಿಗಳು ಅವನ್ನು ಮಾಡಿದರು. ಗುಮಾಸ್ತರು, ವಿದ್ಯಾರ್ಥಿಗಳು ದಶಕಗಳ ಕಾಲ ಅವುಗಳ ಮೇಲೆ ಕುಳಿತರು. ಬೆತ್ತ ಹರಿದಾಗ ಗುಜರಿಯ ರಾಶಿಗೆ ಹೋದವು, ಪುಡಿಗಾಸಿಗೆ ಹರಾಜಾದವು. ಕೊಂಡುಹೋದವರು ದುರಸ್ತಿ ಮಾಡಿಸಿ ಯೂರೋಪ್, ಅಮೆರಿಕಗಳ ಹರಾಜು ಕಟ್ಟೆಗಳಲ್ಲಿ ಲಕ್ಷಾಂತರ ರೂಪಾಯಿಗೆ ಮಾರಿದರು. ಕೊನೆಗೆ 2011ರಲ್ಲಿ ಕೇಂದ್ರ ಗೃಹ ಸಚಿವಾಲಯ ಈ ಪಾರಂಪರಿಕ ಪೀಠೋಪಕರಣಗಳ ಮಾರಾಟ ಮತ್ತು ರಫ್ತಿಗೆ ತಡೆ ಹಾಕಬೇಕಾಯಿತು. ಇಂದು ‘ಬೆತ್ತದ ಕುರ್ಚಿ ಫ್ಯಾಷನ್’ ಎಂದು ಅಂಗಡಿಯಲ್ಲಿ ಕಾಣುವ ಎಷ್ಟೋ ಕುರ್ಚಿಗಳು ಅವುಗಳ ನಕಲು.

ಪಾಠ ಸರಳವಾದದ್ದು. ಅಟ್ಟದ ಮೇಲೆ ಕಾಲು ಅಲುಗುತ್ತಿರುವ ತಾತನ ಕುರ್ಚಿ ಇದ್ದರೆ ಅದನ್ನು ಗುಜರಿಗೆ ಹಾಕುವ ಮುನ್ನ ಬಡಗಿಗೆ ಒಮ್ಮೆ ತೋರಿಸಬೇಕು. ಅದು ಲಕ್ಷ ತರಲಿಕ್ಕಿಲ್ಲ. ಆದರೆ ಹೊಸದಾಗಿ ಕೊಳ್ಳುವ ಪುಡಿಹಲಗೆಯ ಕುರ್ಚಿಗಿಂತ ಹೆಚ್ಚು ಕಾಲ ಬಾಳೀತು. ನವಲಗುಂದದ ಜಮಖಾನ, ಹಳೆಯ ಸೀರೆಯ ಕೌದಿ, ಚನ್ನಪಟ್ಟಣದ ಅರಗಿನ ಬಣ್ಣದ ಮರದ ಸಾಮಾನುಗಳಿಗೂ ಇದೇ ಮಾತು. ಇವನ್ನು ಫ್ಯಾಷನ್ ಎಂದು ತಂದವರು ಮುಂದಿನ ವರ್ಷ ಅಟ್ಟಕ್ಕೆ ಹಾಕುತ್ತಾರೆ, ಬೇಕೆಂದು ತಂದವರು ಬಳಸುತ್ತಾರೆ.

ಅಡುಗೆಮನೆಗೂ ಒಂದು ಗಣಿತ

ಮಾಡ್ಯುಲರ್ ಕಿಚನ್ ಇಂದಿನ ಸೃಷ್ಟಿ ಎಂದು ಹಲವರ ನಂಬಿಕೆ. ಅದರ ಮೂಲ 1926ರಲ್ಲಿದೆ. ಮೊದಲ ಮಹಾಯುದ್ಧದ ನಂತರ ಜರ್ಮನಿಯ ಫ್ರಾಂಕ್‌ಫರ್ಟ್ ನಗರದಲ್ಲಿ ಕಾರ್ಮಿಕರಿಗೆ ಮನೆಗಳ ಕೊರತೆ ತೀವ್ರವಾಗಿತ್ತು. ಅಲ್ಲಿ ಕಟ್ಟುತ್ತಿದ್ದ ಹೊಸ ಮನೆಗಳಿಗಾಗಿ ಆಸ್ಟ್ರಿಯದ ಮಾರ್ಗರೆಟೆ ಷ್ಯೂಟೆ ಲಿಹೊಟ್ಸ್ಕಿ ಎಂಬ ವಾಸ್ತುಶಿಲ್ಪಿ ಒಂದು ಅಡುಗೆಮನೆ ರೂಪಿಸಿದರು. ಅಳತೆ 1.9 ಮೀಟರ್ ಅಗಲ, 3.4 ಮೀಟರ್ ಉದ್ದ. ಅಡುಗೆ ಮಾಡುವವರು ಎಷ್ಟು ಹೆಜ್ಜೆ ಇಡುತ್ತಾರೆ, ಯಾವ ಕೆಲಸಕ್ಕೆ ಎಷ್ಟು ಹೊತ್ತು ಹಿಡಿಯುತ್ತದೆ ಎಂಬುದನ್ನು ಪರಿಶೀಲಿಸಿ, ರೈಲಿನ ಊಟದ ಡಬ್ಬಿಯ ಇಕ್ಕಟ್ಟಾದ ಅಡುಗೆಮನೆಯಿಂದ ಪಾಠ ಕಲಿತು ಅವರು ಕಪಾಟು, ಕಟ್ಟೆ, ತೊಟ್ಟಿಗಳ ಜಾಗ ಗೊತ್ತುಮಾಡಿದರು. ಸುಮಾರು 10,000 ಮನೆಗಳಲ್ಲಿ ಈ ಅಡುಗೆಮನೆ ಬಂತು.

ಅದಕ್ಕೊಂದು ಕೊರತೆಯೂ ಇತ್ತು. ಒಬ್ಬರಿಗೆ ಮಾತ್ರ ಸಾಲುವ ಜಾಗವಾದ್ದರಿಂದ ಮಕ್ಕಳಾಗಲಿ ಗಂಡನಾಗಲಿ ಒಳಗೆ ಬಂದು ಕೈಜೋಡಿಸುವಂತಿರಲಿಲ್ಲ. ಹೆಜ್ಜೆ ಉಳಿಯಿತು, ಆದರೆ ಅಮ್ಮ ಒಂಟಿಯಾದಳು. ಇಂದು ಮಾಡ್ಯುಲರ್ ಕಿಚನ್ ಮಾಡಿಸುವವರು ಬಾಗಿಲಿನ ಹೊಳಪು ನೋಡುವ ಮೊದಲು ಎರಡು ಪ್ರಶ್ನೆ ಕೇಳಬೇಕು. ಇಬ್ಬರು ಒಟ್ಟಿಗೆ ನಿಂತು ಕೆಲಸ ಮಾಡಲು ಜಾಗವಿದೆಯೇ? ಕಟ್ಟೆಯ ಎತ್ತರ ಅಡುಗೆ ಮಾಡುವವರ ಮೊಣಕೈಗಿಂತ ನಾಲ್ಕು ಅಂಗುಲದಷ್ಟು ಕೆಳಗಿದೆಯೇ? ಎಲ್ಲರಿಗೂ ಒಂದೇ ಅಳತೆಯ ಕಟ್ಟೆ ಹಾಕಿದರೆ ಕೆಲವರಿಗೆ ಬೆನ್ನುನೋವು, ಕೆಲವರಿಗೆ ಭುಜದ ನೋವು.

ಓದುವ ಮೂಲೆ

ಈಗ ಮಂಚದ ಮೇಲೆ ಕುಳಿತ ಮಗಳ ವಿಷಯ. ಓದಲು ಪ್ರತ್ಯೇಕ ಕೋಣೆ ಬೇಕೆಂದಿಲ್ಲ. ಎಲ್ಲ ಮನೆಗಳಲ್ಲೂ ಅದು ಸಾಧ್ಯವೂ ಇಲ್ಲ. ನಾಲ್ಕು ಅಡಿ ಉದ್ದ, ಎರಡು ಅಡಿ ಅಗಲದ ಮೇಜಿಗೆ ಬೇಕಾದದ್ದು ಎಂಟು ಚದರ ಅಡಿ. ಕುರ್ಚಿ ಹಿಂದಕ್ಕೆ ಎಳೆಯಲು ಇನ್ನು ಹನ್ನೆರಡು ಚದರ ಅಡಿ ಸೇರಿಸಿದರೂ ಒಟ್ಟು ಇಪ್ಪತ್ತು. ಅಷ್ಟಾದರೆ ಒಂದು ಮೂಲೆ ಸಿದ್ಧ. ಅದು ದಿನವೂ ಅದೇ ಮೂಲೆಯಾಗಿರಬೇಕು, ಅಷ್ಟೇ. ಊಟದ ಹೊತ್ತಿಗೆ ಪುಸ್ತಕ ಎತ್ತಿ, ನೆಂಟರು ಬಂದಾಗ ಇನ್ನೊಂದು ಕೋಣೆಗೆ ಸಾಗುವ ಮಗುವಿನ ಅರ್ಧ ಗಮನ ಸಾಗಾಟದಲ್ಲೇ ಕಳೆದುಹೋಗುತ್ತದೆ.

ಮೇಜಿನ ಎತ್ತರ ದೊಡ್ಡವರಿಗೆ ಸುಮಾರು 28ರಿಂದ 30 ಅಂಗುಲ, ಕುರ್ಚಿಯ ಆಸನ 17ರಿಂದ 18 ಅಂಗುಲ. ಚಿಕ್ಕ ಮಕ್ಕಳಿಗೆ ಇದು ಹೆಚ್ಚಾಯಿತು. ಪರೀಕ್ಷಿಸುವ ಬಗೆ ಹೀಗೆ: ಕುಳಿತಾಗ ಪಾದ ಪೂರ್ತಿಯಾಗಿ ನೆಲಕ್ಕೆ ತಾಗಬೇಕು, ಮೊಣಕೈ ಮೇಜಿನ ಮಟ್ಟಕ್ಕೆ ಬರಬೇಕು, ಬೆನ್ನಿಗೆ ಆಸರೆ ಸಿಗಬೇಕು. ಪಾದ ತಾಗದಿದ್ದರೆ ಕಾಲ ಕೆಳಗೆ ಒಂದು ಮಣೆ ಇಟ್ಟರೆ ಸಾಕು, ಹೊಸ ಕುರ್ಚಿ ಬೇಕಿಲ್ಲ. ನೆಲದ ಮೇಲೆ ಕುಳಿತು ಡೆಸ್ಕಿನ ಮೇಲೆ ಬರೆಯುವ ಹಳೆಯ ಪದ್ಧತಿಯೂ ಕೀಳಲ್ಲ. ಇಳಿಜಾರಾದ ಆ ಡೆಸ್ಕು ಪುಸ್ತಕವನ್ನು ಕಣ್ಣಿನತ್ತ ಎತ್ತಿ, ಕುತ್ತಿಗೆ ಬಗ್ಗುವುದನ್ನು ಕಡಿಮೆ ಮಾಡುತ್ತದೆ.

ಬೆಳಕಿನ ಮಾತು ಇನ್ನೂ ಮುಖ್ಯ. ಓದುವ ಮೇಜಿನ ಮೇಲೆ 300 ಲಕ್ಸ್‌ನಷ್ಟಾದರೂ ಬೆಳಕು ಬೀಳಬೇಕು, ಸೂಕ್ಷ್ಮ ಕೆಲಸಕ್ಕೆ 500 ಇದ್ದರೆ ಒಳ್ಳೆಯದು. ಕೋಣೆಯ ನಡುವಿನ ಒಂದೇ ದೀಪವನ್ನು ನಂಬಿ ಗೋಡೆಗೆ ಮುಖ ಮಾಡಿ ಕುಳಿತರೆ ತಲೆಯ ನೆರಳು ಪುಟದ ಮೇಲೆ ಬೀಳುತ್ತದೆ. ಅದಕ್ಕೆ ಮೇಜುದೀಪವೇ ಪರಿಹಾರ. ಬಲಗೈಯಲ್ಲಿ ಬರೆಯುವವರಿಗೆ ದೀಪ ಎಡಕ್ಕಿರಬೇಕು, ಎಡಗೈಯವರಿಗೆ ಬಲಕ್ಕೆ. ಇಲ್ಲವಾದರೆ ಬರೆಯುವ ಕೈಯೇ ಬರೆದದ್ದನ್ನು ಮರೆಮಾಡುತ್ತದೆ. 9 ವಾಟ್‌ನ ಒಂದು ಎಲ್.ಇ.ಡಿ. ಬಲ್ಬು ಹಳೆಯ 60 ವಾಟ್‌ನ ಬುರುಡೆ ದೀಪದಷ್ಟು ಬೆಳಕು ಕೊಡುತ್ತದೆ. ಆದ್ದರಿಂದ ಕರೆಂಟ್ ಬಿಲ್ಲಿನ ಭಯದಿಂದ ಮಗುವಿನ ಬೆಳಕು ಕಡಿತ ಮಾಡುವ ಕಾಲ ಈಗ ಇಲ್ಲ. ಡಬ್ಬಿಯ ಮೇಲೆ 2700 ಅಥವಾ 3000 ಕೆಲ್ವಿನ್ ಎಂದಿದ್ದರೆ ಹಳದಿ ಛಾಯೆ, 4000 ಎಂದಿದ್ದರೆ ನಸುಬಿಳಿ, 6500 ಎಂದಿದ್ದರೆ ನೀಲಿ ಬೆರೆತ ಬಿಳಿ. ಓದಲು 4000 ಹಿತ, ಮಲಗುವ ಮುನ್ನ ಹಳದಿಯೇ ಸರಿ.

ಮೇಜನ್ನು ಕಿಟಕಿಯ ಪಕ್ಕಕ್ಕೆ ಹಾಕಿದರೆ ಹಗಲಿನಲ್ಲಿ ದೀಪವೇ ಬೇಡ. ಆದರೆ ಕಿಟಕಿಯ ಬಳಿ ಕುಳಿತ ಮಾತ್ರಕ್ಕೆ ಕಣ್ಣು ಉಳಿಯಿತು ಎಂದುಕೊಳ್ಳಬಾರದು. ಚೀನಾದ ಗ್ವಾಂಗ್‌ಝೌ ನಗರದ 12 ಶಾಲೆಗಳಲ್ಲಿ ಆರೇಳು ವರ್ಷದ ಮಕ್ಕಳ ಮೇಲೆ ಮೂರು ವರ್ಷ ನಡೆದ ಒಂದು ಅಧ್ಯಯನದ ಫಲಿತಾಂಶ 2015ರಲ್ಲಿ ಪ್ರಕಟವಾಯಿತು. ಅರ್ಧದಷ್ಟು ಶಾಲೆಗಳಲ್ಲಿ ಮಕ್ಕಳನ್ನು ದಿನಕ್ಕೆ 40 ನಿಮಿಷ ಹೆಚ್ಚಾಗಿ ಬಯಲಿಗೆ ಕಳುಹಿಸಲಾಯಿತು. ಅವರಲ್ಲಿ ಶೇಕಡ 30.4 ಮಕ್ಕಳಿಗೆ ಸಮೀಪದೃಷ್ಟಿ ದೋಷ ಬಂದರೆ, ಉಳಿದ ಶಾಲೆಗಳಲ್ಲಿ ಶೇಕಡ 39.5 ಮಕ್ಕಳಿಗೆ ಬಂತು. ಅಂದರೆ ಮಕ್ಕಳಿಗೆ ಅಗತ್ಯವಾದ ಒಂದು ‘ಕೋಣೆ’ ಮನೆಯ ಹೊರಗೇ ಇದೆ. ಒಳಾಂಗಣಕ್ಕೆ ಎಷ್ಟೇ ಖರ್ಚು ಮಾಡಿದರೂ ಅಂಗಳದ ಕೆಲಸ ಅಂಗಳವೇ ಮಾಡಬೇಕು.

ಕಣ್ಣಿಗೆ ಕಾಣದ ಸಂಗತಿಗಳು

ಹೊಸ ಬೀರುವಿನ ಬಾಗಿಲು ತೆರೆದಾಗ ಕಣ್ಣು ಉರಿಸುವ ವಾಸನೆ ಬರುತ್ತದೆ. ‘ಹೊಸದರ ವಾಸನೆ’ ಎಂದು ಹಿಗ್ಗುವಂಥದ್ದಲ್ಲ ಅದು. ಪಾರ್ಟಿಕಲ್ ಬೋರ್ಡ್, ಎಂ.ಡಿ.ಎಫ್. ಮತ್ತು ಸಾಧಾರಣ ಪ್ಲೈವುಡ್‌ಗಳನ್ನು ಅಂಟಿಸುವ ಯೂರಿಯ ಫಾರ್ಮಾಲ್ಡಿಹೈಡ್ ಅಂಟಿನಿಂದ ಫಾರ್ಮಾಲ್ಡಿಹೈಡ್ ಅನಿಲ ಬಹಳ ಕಾಲ ನಿಧಾನವಾಗಿ ಹೊರಬರುತ್ತದೆ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಅಂಗವು 2004ರಲ್ಲಿ ಇದನ್ನು ಮನುಷ್ಯರಲ್ಲಿ ಕ್ಯಾನ್ಸರ್ ತರುವ ವಸ್ತುಗಳ ಸಾಲಿಗೆ ಸೇರಿಸಿತು. ಹೆದರಿ ಕೂರಬೇಕಿಲ್ಲ, ಎಚ್ಚರ ಬೇಕು. ಹಲಗೆ ಕೊಳ್ಳುವಾಗ ಕಡಿಮೆ ಅನಿಲ ಸೂಸುವ ಇ-1 ಅಥವಾ ಇ-0 ದರ್ಜೆಯದೇ ಎಂದು ಕೇಳಬೇಕು. ಐ.ಎಸ್. 303, ಐ.ಎಸ್. 710 ಮುದ್ರೆಗಳನ್ನು ನೋಡಬೇಕು. ಮೊದಲನೆಯದು ಸಾಮಾನ್ಯ ಬಳಕೆಯ ಪ್ಲೈವುಡ್, ಎರಡನೆಯದು ನೀರು ತಡೆಯುವ ಮರೈನ್ ಪ್ಲೈವುಡ್. ಕತ್ತರಿಸಿದ ಅಂಚುಗಳನ್ನು ಬರಿದಾಗಿ ಬಿಡದೆ ಪಟ್ಟಿ ಅಂಟಿಸಿಸಬೇಕು. ಕೆಲಸ ಮುಗಿದ ಮೇಲೆ ಕೆಲವು ವಾರವಾದರೂ ಕಿಟಕಿ ತೆರೆದಿಡಬೇಕು.

ಬಣ್ಣದಲ್ಲಿ ಸೀಸದ ಭಯ ಇನ್ನೊಂದು. ಮನೆಗೆ ಬಳಿಯುವ ಬಣ್ಣದಲ್ಲಿ ಸೀಸ ಹತ್ತು ಲಕ್ಷದಲ್ಲಿ 90 ಪಾಲನ್ನು ಮೀರಬಾರದೆಂಬ ಕೇಂದ್ರ ಸರ್ಕಾರದ ನಿಯಮ 2017ರ ನವೆಂಬರ್ 1ರಿಂದ ಜಾರಿಯಲ್ಲಿದೆ. ಹೊಸ ಡಬ್ಬಿ ಕೊಳ್ಳುವಾಗ ಸೀಸರಹಿತ ಎಂಬ ಮಾತು ಇದೆಯೇ ನೋಡಿದರಾಯಿತು. ಆದರೆ ಹಳೆಯ ಮನೆಯ ಕಿಟಕಿ, ಬಾಗಿಲು, ಗ್ರಿಲ್‌ಗಳ ಮೇಲೆ ಅದಕ್ಕೂ ಹಿಂದಿನ ಎನಾಮೆಲ್ ಬಣ್ಣ ಇದ್ದೀತು. ಅದನ್ನು ಒಣಗಿದ್ದಂತೆಯೇ ಉಜ್ಜಿದರೆ ಧೂಳು ಮಕ್ಕಳ ಉಸಿರಿಗೂ ಬಾಯಿಗೂ ಹೋಗುತ್ತದೆ. ನೀರು ಹಾಕಿ ಒದ್ದೆ ಮಾಡಿಕೊಂಡು ಉಜ್ಜುವುದು, ಆ ದಿನಗಳಲ್ಲಿ ಮಕ್ಕಳನ್ನು ದೂರ ಇಡುವುದು ಸುರಕ್ಷಿತ.

ಫಾಲ್ಸ್ ಸೀಲಿಂಗಿನ ವಿಷಯದಲ್ಲಿ ಒಂದು ಅಳತೆ ನೆನಪಿಡಬೇಕು. ರಾಷ್ಟ್ರೀಯ ಕಟ್ಟಡ ಸಂಹಿತೆಯ ಪ್ರಕಾರ ವಾಸದ ಕೋಣೆಯ ಎತ್ತರ 2.75 ಮೀಟರ್‌ಗಿಂತ ಕಡಿಮೆ ಇರಬಾರದು. ಹತ್ತು ಅಡಿ ಎತ್ತರದ ಕೋಣೆಯಲ್ಲಿ ಒಂದು ಅಡಿ ಇಳಿಸಿದರೆ ಉಳಿಯುವುದು ಒಂಬತ್ತು ಅಡಿ, ಅಂದರೆ 2.74 ಮೀಟರ್. ಎಷ್ಟೋ ಮನೆಗಳಲ್ಲಿ ಹತ್ತು ಅಡಿಯೂ ಇರುವುದಿಲ್ಲ. ಬೇಸಿಗೆಯಲ್ಲಿ ಬಿಸಿಗಾಳಿ ಮೇಲೇರಲು ಜಾಗವಿಲ್ಲದೆ, ಗವಾಕ್ಷಿಯನ್ನೂ ಮುಚ್ಚಿ, ಬಳಿಕ ‘ಸೆಖೆ’ ಎಂದು ಎ.ಸಿ. ತರಿಸುವುದು ಖರ್ಚಿನ ಮೇಲೆ ಖರ್ಚು.

ಮೂರು ಲಕ್ಷದ ಲೆಕ್ಕ

ಕೊಟೇಶನ್ ಓದುವುದೂ ಒಂದು ವಿದ್ಯೆ. ‘ಟಿ.ವಿ. ಯೂನಿಟ್, ಒಟ್ಟು ಇಷ್ಟು’ ಎಂದು ಬರೆದಿದ್ದರೆ ಸಾಲದು. ಚದರ ಅಡಿಗೆ ಎಷ್ಟು, ಯಾವ ದರ್ಜೆಯ ಹಲಗೆ, ಎಷ್ಟು ಮಿಲಿಮೀಟರ್ ದಪ್ಪ, ಒಳಬದಿಗೆ ಏನು ಅಂಟಿಸುತ್ತಾರೆ, ತಿರುಗಣಿ ಬಿಜಾಗರಿ ಯಾವ ತಯಾರಿಕೆಯವು, ತೆರಿಗೆ ಸೇರಿದೆಯೇ, ಕೆಲಸ ಮುಗಿಯುವ ದಿನಾಂಕ ಯಾವುದು ಎಂಬುದೆಲ್ಲ ಬರಹದಲ್ಲಿರಬೇಕು. ಹಣವನ್ನು ಒಮ್ಮೆಲೇ ಕೊಡದೆ ಕೆಲಸದ ಹಂತಕ್ಕೆ ತಕ್ಕಂತೆ ಕೊಡಬೇಕು.

ಸಾಲ ಮಾಡುವುದಾದರೆ ಅದರ ಲೆಕ್ಕವನ್ನು ಮಕ್ಕಳ ಕೈಯಲ್ಲಿ ಮಾಡಿಸಿ ನೋಡಬಹುದು. ಉದಾಹರಣೆಗೆ 3 ಲಕ್ಷ ರೂಪಾಯಿಯನ್ನು ವರ್ಷಕ್ಕೆ ಶೇಕಡ 12ರ ಬಡ್ಡಿಯಲ್ಲಿ ಮೂರು ವರ್ಷಕ್ಕೆ ತಂದರೆ ತಿಂಗಳ ಕಂತು ಸುಮಾರು 9,960 ರೂಪಾಯಿ. ಮೂರು ವರ್ಷಕ್ಕೆ ಕಟ್ಟುವ ಬಡ್ಡಿಯೇ ಸುಮಾರು 58,700 ರೂಪಾಯಿ. ಎಸ್ಸೆಸ್ಸೆಲ್ಸಿಯ ಮಗಳು ಪಿ.ಯು.ಸಿ. ಮುಗಿಸಿ ಕಾಲೇಜಿಗೆ ಶುಲ್ಕ ಕಟ್ಟುವ ಹೊತ್ತಿಗೂ ಟಿ.ವಿ. ಯೂನಿಟ್ಟಿನ ಕಂತು ನಡೆಯುತ್ತಲೇ ಇರುತ್ತದೆ. ಹಾಸಿಗೆ ಇದ್ದಷ್ಟು ಕಾಲು ಚಾಚು ಎಂಬ ಗಾದೆಗೆ ಇಷ್ಟು ನೇರವಾದ ಅರ್ಥ ಬೇರೆಲ್ಲಿಯೂ ಸಿಗದು.

ಕೆಲಸವನ್ನು ಯಾವಾಗ ಮಾಡಿಸಬೇಕು ಎಂಬುದೂ ಲೆಕ್ಕದ ಭಾಗ. ಮರ ಕೊಯ್ಯುವ ಸದ್ದು, ಪುಟ್ಟಿಯ ಧೂಳು, ಬಣ್ಣದ ವಾಸನೆ ಇವು ಪರೀಕ್ಷೆಯ ತಿಂಗಳುಗಳಿಗೆ ಹೇಳಿಸಿದವಲ್ಲ. ಹತ್ತಿರದ ಪರೀಕ್ಷೆ ಮುಗಿದ ಮೇಲೆ, ಬೇಸಿಗೆಯ ರಜೆಯಲ್ಲಿ, ಕಿಟಕಿ ತೆರೆದು ಕೆಲಸ ಮಾಡಿಸಿದರೆ ಬಣ್ಣವೂ ಬೇಗ ಒಣಗುತ್ತದೆ, ಮಕ್ಕಳೂ ಕೈ ಹಾಕಬಹುದು.

ಇದೇ ವೃತ್ತಿಯಾದರೆ?

ಮನೆಯ ಕೆಲಸದಲ್ಲಿ ಕೈಹಾಕಿದ ಮಕ್ಕಳಲ್ಲಿ ಕೆಲವರಿಗೆ ಇದೇ ಹಾದಿ ಹಿಡಿಯುವ ಆಸೆ ಬರಬಹುದು. ಅದನ್ನು ‘ಪರದೆ, ಹೂದಾನಿ ಜೋಡಿಸುವ ಕೆಲಸ’ ಎಂದು ತಳ್ಳಿಹಾಕಬೇಕಿಲ್ಲ. ಭಾರತ ಸರ್ಕಾರದ ಆಹ್ವಾನದ ಮೇಲೆ ಬಂದ ಅಮೆರಿಕದ ವಿನ್ಯಾಸಕ ದಂಪತಿ ಚಾರ್ಲ್ಸ್ ಮತ್ತು ರೇ ಈಮ್ಸ್ 1958ರಲ್ಲಿ ಒಂದು ವರದಿ ಸಲ್ಲಿಸಿದರು. ಈ ದೇಶದ ವಸ್ತುಗಳಲ್ಲಿ ಅವರ ಮೆಚ್ಚುಗೆ ಗಳಿಸಿದ್ದು ನೀರು ತರುವ ಸಾದಾ ಚೊಂಬು. ಎಷ್ಟು ನೀರು ಹಿಡಿಯಬೇಕು, ಸೊಂಟದ ಮೇಲೋ ತಲೆಯ ಮೇಲೋ ಹೇಗೆ ಕೂರಬೇಕು, ತೊಳೆಯಲು ಕೈ ಒಳಗೆ ಹೋಗುತ್ತದೆಯೇ, ಬೆಲೆ ಎಷ್ಟು ಎಂಬ ಎಲ್ಲ ಪ್ರಶ್ನೆಗೂ ತಲೆತಲಾಂತರದಿಂದ ಉತ್ತರ ಕಂಡುಕೊಂಡ ವಸ್ತು ಅದು. ಆ ವರದಿಯ ಫಲವಾಗಿ 1961ರಲ್ಲಿ ಅಹಮದಾಬಾದಿನಲ್ಲಿ ರಾಷ್ಟ್ರೀಯ ವಿನ್ಯಾಸ ಸಂಸ್ಥೆ, ಅಂದರೆ ಎನ್.ಐ.ಡಿ. ಹುಟ್ಟಿತು.

ಪಿ.ಯು.ಸಿ. ನಂತರ ನಾಲ್ಕು ವರ್ಷದ ಬಿ.ಡಿಸ್. ಪದವಿಗೆ ಎನ್.ಐ.ಡಿ. ತನ್ನದೇ ಪ್ರವೇಶ ಪರೀಕ್ಷೆ ನಡೆಸುತ್ತದೆ. ಐ.ಐ.ಟಿ.ಗಳ ವಿನ್ಯಾಸ ಪದವಿಗೆ ಮುಂಬಯಿಯ ಐ.ಐ.ಟಿ. ನಡೆಸುವ ಯುಸೀಡ್ ಪರೀಕ್ಷೆ ಇದೆ. ಕಟ್ಟಡವನ್ನೇ ರೂಪಿಸಬೇಕೆಂಬವರಿಗೆ ಐದು ವರ್ಷದ ಬಿ.ಆರ್ಕ್. ಇದೆ, ಅದಕ್ಕೆ ನಾಟಾ ಅಥವಾ ಜೆ.ಇ.ಇ.ಯ ಪ್ರತ್ಯೇಕ ಪತ್ರಿಕೆ ಬರೆಯಬೇಕು. ಎಸ್ಸೆಸ್ಸೆಲ್ಸಿ ಮುಗಿಸಿದವರಿಗೆ ಕೆಲವು ಮಹಿಳಾ ಪಾಲಿಟೆಕ್ನಿಕ್‌ಗಳಲ್ಲಿ ಒಳಾಂಗಣ ಅಲಂಕಾರದ ಡಿಪ್ಲೊಮಾ ಸಿಗುತ್ತದೆ.

ಪೋಷಕರು ಗಮನಿಸಬೇಕಾದ ಒಂದು ಸಂಗತಿ ಇಲ್ಲಿದೆ. 1972ರ ವಾಸ್ತುಶಿಲ್ಪಿಗಳ ಕಾಯಿದೆಯ ಪ್ರಕಾರ ಪರಿಷತ್ತಿನಲ್ಲಿ ನೋಂದಾಯಿಸಿದವರು ಮಾತ್ರ ‘ಆರ್ಕಿಟೆಕ್ಟ್’ ಎಂದು ಕರೆದುಕೊಳ್ಳಬಹುದು. ‘ಇಂಟೀರಿಯರ್ ಡಿಸೈನರ್’ ಎಂಬ ಹೆಸರಿಗೆ ಅಂಥ ಕಾನೂನಿನ ಕಾವಲಿಲ್ಲ. ಮೂರು ತಿಂಗಳ ಕೋರ್ಸು ಮುಗಿಸಿದವರೂ ಅದೇ ಫಲಕ ಹಾಕಬಹುದು. ಆದ್ದರಿಂದ ಲಕ್ಷಗಟ್ಟಲೆ ಶುಲ್ಕ ಕೇಳುವ ಸಂಸ್ಥೆಗೆ ಸೇರಿಸುವ ಮುನ್ನ ಪದವಿ ಯಾವ ವಿಶ್ವವಿದ್ಯಾಲಯದ್ದು, ಮರಗೆಲಸದ ಕಾರ್ಯಾಗಾರ ಇದೆಯೇ, ಹಿಂದೆ ಓದಿದವರು ಎಲ್ಲಿ ಕೆಲಸದಲ್ಲಿದ್ದಾರೆ ಎಂದು ವಿಚಾರಿಸಬೇಕು. ಕಟ್ಟಡದ ಮನೆಗೂ ಕೋರ್ಸಿಗೂ ಒಂದೇ ಮಾತು: ಮುಂಬಾಗಿಲ ಹೊಳಪಿಗೆ ಮರುಳಾಗಬಾರದು.

ಗ್ರಾಫ್ ಹಾಳೆಯ ಮೇಲೆ ಮನೆ

ಮೊದಲ ಪಾಠಕ್ಕೆ ಮಾತ್ರ ಯಾವ ಶುಲ್ಕವೂ ಬೇಡ. ಗಣಿತದ ಗ್ರಾಫ್ ಹಾಳೆ, ಪೆನ್ಸಿಲ್, ಅಳತೆಯ ಟೇಪು ಇದ್ದರೆ ಸಾಕು. ಒಂದು ಅಡಿಗೆ ಒಂದು ಸೆಂಟಿಮೀಟರ್ ಎಂದು ಇಟ್ಟುಕೊಂಡರೆ ಹಜಾರ ಒಂದೇ ಹಾಳೆಯಲ್ಲಿ ಹಿಡಿಯುತ್ತದೆ. ಬಾಗಿಲು ಯಾವ ಕಡೆಗೆ ತೆರೆಯುತ್ತದೆ, ಕಿಟಕಿ ಎಲ್ಲಿ, ಪ್ಲಗ್ ಪಾಯಿಂಟ್ ಎಲ್ಲಿ, ಬೆಳಗಿನ ಬಿಸಿಲು ಎಲ್ಲಿಯವರೆಗೆ ಬರುತ್ತದೆ ಎಂದು ಗುರುತಿಸಬೇಕು. ಮಂಚ, ಬೀರು, ಸೋಫಾಗಳನ್ನು ಅದೇ ಅಳತೆಯಲ್ಲಿ ರಟ್ಟಿನಲ್ಲಿ ಕತ್ತರಿಸಿ ಹಾಳೆಯ ಮೇಲೆ ಸರಿಸಿ ನೋಡಬೇಕು. ಬೆವರು ಸುರಿಸಿ ಬೀರು ಎಳೆಯುವುದಕ್ಕಿಂತ ರಟ್ಟು ಸರಿಸುವುದು ಸುಲಭ.

ಕಲ್ಪನೆಯ ಆ ಮನೆಯಲ್ಲಿ ಮಗಳು ಹೀಗೆಯೇ ಮಾಡಿದಳೆಂದುಕೊಳ್ಳಬಹುದು. ಎಂಟು ಅಡಿ ಉದ್ದ, ಒಂದೂವರೆ ಅಡಿ ಆಳದ ಟಿ.ವಿ. ಯೂನಿಟ್ ಹಾಳೆಯ ಮೇಲೆ ಹನ್ನೆರಡು ಚೌಕಗಳಷ್ಟು ಜಾಗ ಹಿಡಿಯಿತು. ಅವಳ ಮೇಜಿಗೆ ಬೇಕಾದದ್ದು ಎಂಟು. ಹಾಳೆಯನ್ನು ಅಪ್ಪನ ಮುಂದಿಟ್ಟು ಅವಳು ಬೇಡಿಕೆಯನ್ನೇನೂ ಇಡಲಿಲ್ಲ. ‘ಅಪ್ಪಾ, ಇದು ಸರಿಯಾಗಿದೆಯಾ ನೋಡಿ’ ಎಂದಷ್ಟೇ ಕೇಳಿದಳು. ಅಪ್ಪ ಚೌಕಗಳನ್ನು ಎರಡು ಬಾರಿ ಎಣಿಸಿದರು. ಅಮ್ಮ ಕನ್ನಡಕ ಹಾಕಿಕೊಂಡು ಬಂದು, ಒಳಕೋಣೆಯ ಕಿಟಕಿಯ ಪಕ್ಕ ಬೀರು ಯಾಕೆ ನಿಂತಿದೆ ಎಂದು ಕೇಳಿದರು. ಆ ಬೀರು ಹದಿನಾಲ್ಕು ವರ್ಷದಿಂದ ಅಲ್ಲೇ ಇತ್ತು.

ಬೀರು ಒಳಗೋಡೆಗೆ ಸರಿಯಿತು. ತಾತನ ಕಾಲದ ಮೇಜು ಅಟ್ಟದಿಂದ ಇಳಿದು, ಬಡಗಿಯ ಕೈಯಲ್ಲಿ ಒಂದು ದಿನ ಕಳೆದು, ಕಿಟಕಿಯ ಪಕ್ಕಕ್ಕೆ ಬಂತು. ಎಡಕ್ಕೊಂದು ಮೇಜುದೀಪ, ತಮ್ಮನಿಗೆ ಕಾಲಿಡಲು ಒಂದು ಮಣೆ. ಟಿ.ವಿ. ಯೂನಿಟ್ ಐದು ಅಡಿಗೆ ಇಳಿಯಿತು, ಫಾಲ್ಸ್ ಸೀಲಿಂಗ್ ಕೈಬಿಟ್ಟಿತು, ಬಣ್ಣದ ಕೆಲಸ ಪರೀಕ್ಷೆಯ ನಂತರಕ್ಕೆ ಹೋಯಿತು. ಯಾವ ಬಣ್ಣ ಎಂಬ ಚರ್ಚೆ ಇನ್ನೂ ನಡೆಯುತ್ತಿದೆ. ಬಂದವರು ಏನೆನ್ನುತ್ತಾರೋ ಎಂಬ ಅಮ್ಮನ ಚಿಂತೆಯೂ ಪೂರ್ತಿ ಹೋಗಿಲ್ಲ.

ಆದರೆ ಸಂಜೆ ಆರರ ಹೊತ್ತಿಗೆ ಕಿಟಕಿಯ ಪಕ್ಕದ ಆ ದೀಪ ಹೊತ್ತಿಕೊಳ್ಳುತ್ತದೆ. ಪುಟದ ಮೇಲೆ ಈಗ ನೆರಳಿಲ್ಲ.